ಬಾಯಿಮಾತಿನ ಆರು ಮರಗಳು

ನಮ್ಮ ತೋಟದಲ್ಲಿ ನಮ್ಮದಲ್ಲದ ಆರು ತೆಂಗಿನ ಮರಗಳಿದ್ದವು. ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ದಾರಿಯ ಮಗ್ಗುಲಿನಲ್ಲಿರುವ ನಮ್ಮ ಊರಿನಲ್ಲಿ ಇದು ಸೋಜಿಗದ ಸಂಗತಿಯೇನಲ್ಲ. ನೆಲ ಒಬ್ಬರ ಹೆಸರಿನಲ್ಲಿರುತ್ತದೆ, ಅದರ ಮೇಲಿನ ಹುಣಿಸೆ ಮರ ಇನ್ನೊಬ್ಬರ ಅನುಭವದಲ್ಲಿರುತ್ತದೆ, ಬದುವಿನ ಹುಲ್ಲು ಮೂರನೆಯವರ ಎಮ್ಮೆಗೆ ಸೇರಿರುತ್ತದೆ. ಇವುಗಳಲ್ಲಿ ಕಚೇರಿಯ ಪುಸ್ತಕಕ್ಕೆ ಗೊತ್ತಿರುವುದು ಮೊದಲನೆಯದು ಮಾತ್ರ. ಉಳಿದವು ಊರಿನವರ ನಾಲಿಗೆಯ ಮೇಲೆ ಬದುಕಿಕೊಂಡು ಬಂದವು.

ಆ ಆರು ಮರಗಳು ನನ್ನ ಸೋದರತ್ತೆಯವು. ಅತ್ತೆ ನನ್ನ ಅಪ್ಪನಿಗೆ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಬಿಕ್ಕೋಡಿನ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಗಂಡ ಮದುವೆಯಾದ ನಾಲ್ಕನೆಯ ವರ್ಷಕ್ಕೇ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಮರಳಿದರು. ಅದೇ ವರ್ಷ ತಾತ ಜಮೀನನ್ನು ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿದರು. ಪಾಲಾದ ಕೆಲವು ತಿಂಗಳ ಮೇಲೆ, ಅವರಿಗೆ ಏನನ್ನಿಸಿತೋ, ಒಂದು ಬೆಳಿಗ್ಗೆ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ರಸ್ತೆಯ ಕಡೆಯ ಸಾಲಿನಲ್ಲಿ ಒಂದೊಂದೇ ಮರವನ್ನು ಅಂಗೈಯಿಂದ ತಟ್ಟುತ್ತ, "ಇದು ನಿಂದು, ಇದು ನಿಂದು" ಎಂದು ಆರು ಸಲ ಹೇಳಿದರಂತೆ. ಅಪ್ಪ ಮತ್ತು ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದರಂತೆ. ತಾತ ತೀರಿಕೊಂಡ ಮೇಲೆ ಅತ್ತೆಯ ಆಸ್ತಿಗೆ ಉಳಿದ ಆಧಾರ ಅಷ್ಟೇ.

ಆ ಮಾತನ್ನು ಅಪ್ಪ ಎಷ್ಟು ಬಿಗಿಯಾಗಿ ಪಾಲಿಸುತ್ತಿದ್ದರೆಂಬುದನ್ನು ನಾನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಮುಂದಿನದು ಅವರಿಗೆ ಅನ್ಯಾಯವಾಗುತ್ತದೆ. ಕಾಯಿ ಕೀಳುವ ದಿನ ಮರ ಹತ್ತುವವನು ಮೊದಲು ಅತ್ತೆಯ ಮರಗಳನ್ನೇ ಹತ್ತಬೇಕಿತ್ತು. ಆ ಕಾಯಿಗಳು ಬೇರೆ ಗುಡ್ಡೆಯಾಗಿ, ಅತ್ತೆ ಬಂದು ಬಿದಿರಿನ ಮಂಕರಿಗೆ ತುಂಬಿಕೊಂಡ ಮೇಲೆಯೇ ನಮ್ಮ ಮರಗಳಿಗೆ ಹಗ್ಗ ಬೀಳುತ್ತಿತ್ತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅತ್ತೆಯ ಮರದ ಒಂದು ಎಳನೀರು ಕುಡಿದೆನೆಂದು ಅಪ್ಪ ನಮ್ಮ ಮರದಿಂದ ಎರಡು ಇಳಿಸಿ, ನನ್ನ ಕೈಯಲ್ಲೇ ಕೊಟ್ಟು, ಅತ್ತೆಯ ಮನೆಗೆ ಕಳಿಸಿದ್ದರು. "ಅದು ಅವಳ್ದು. ನಂದೂ ಅಲ್ಲ, ನಿಂದೂ ಅಲ್ಲ" ಎಂದಿದ್ದರು. ಅತ್ತೆ ಆ ಎರಡನ್ನೂ ಕೆತ್ತಿ ನನಗೇ ಕುಡಿಸಿ, "ನಿಮ್ಮಪ್ಪಂಗೆ ಹೇಳ್ಬೇಡ ಕಣೇ" ಎಂದು ಕಳಿಸಿಕೊಟ್ಟರು.

ಅತ್ತೆ ಶಾಲೆಯ ಹಿಂದಿನ ಒಂದು ಅಂಕಣದ ಮನೆಯಲ್ಲಿ ಇರುತ್ತಿದ್ದರು. ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಮಾರಲು ಯಾರೂ ಅವಸರ ಮಾಡುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷ ತುಂಬುವವರೆಗೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಕೊಬ್ಬರಿಯಾಗುತ್ತದೆ. ಆ ಮೇಲೆ ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪನ್ನು ಮಾತ್ರ ಒಡೆದು, ಒಳಗಿನ ಉಂಡೆಯನ್ನು ಗಾಯವಾಗದಂತೆ ತೆಗೆಯಬೇಕು. ಅತ್ತೆಯ ಕೈಗೆ ಆ ಹದ ಸಿದ್ಧಿಸಿತ್ತು. ಕೊಬ್ಬರಿಯ ಕಾಲದಲ್ಲಿ ಊರಿನವರೆಲ್ಲ ಅವರನ್ನು ಕರೆಯುತ್ತಿದ್ದರು. ಆದರೆ ಬೇರೆಯವರ ಕೊಬ್ಬರಿ ಒಡೆಯುವುದು ಕೂಲಿ. ತಮ್ಮ ಆರು ಮರದ ಕೊಬ್ಬರಿಯನ್ನು ಚೀಲಕ್ಕೆ ತುಂಬಿ, ಅರಸೀಕೆರೆಯ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಮಾರಿ ಬರುವುದು ಬೇರೆ. ಆ ದಿನ ಅತ್ತೆ ಪೆಟ್ಟಿಗೆಯಲ್ಲಿನ ಸೀರೆ ಉಡುತ್ತಿದ್ದರು. ಕಂಡಕ್ಟರು ಕೂಡ "ಏನಕ್ಕಾ, ತೋಟದವರು ಹೊರಟ್ರಿ" ಎನ್ನುತ್ತಿದ್ದ.

ನಾನು ಹಾಸನದಲ್ಲಿ ಓದಿದೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪರ ಮತ್ತು ವಿರೋಧ ಎರಡನ್ನೂ ಮಾತನಾಡಿ ಗೆದ್ದೆ. ಎದುರಾಳಿಯ ವಾದದಲ್ಲಿ ಎಲ್ಲಿ ಸಂದು ಇದೆ ಎಂದು ಅವರು ಕುಳಿತುಕೊಳ್ಳುವ ಮುನ್ನವೇ ಕಂಡುಹಿಡಿಯುವ ಅಭ್ಯಾಸ ಆಗ ಬಂದದ್ದು. ಅದರ ಜೊತೆಗೆ ಒಂದು ನಂಬಿಕೆಯೂ ಬಂತು. ಹೆಣ್ಣುಮಕ್ಕಳ ದುಃಖದ ಬಹುಪಾಲು ಅವರ ಹಕ್ಕು ಎಲ್ಲಿಯೂ ಬರೆದಿಟ್ಟಿಲ್ಲದಿರುವುದರಿಂದ ಹುಟ್ಟುತ್ತದೆ, ಬರೆಸಿದರೆ ಅರ್ಧ ದುಃಖ ಕಳೆಯುತ್ತದೆ ಎಂಬ ನಂಬಿಕೆ. ಅರಸೀಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೆ, ರಜೆಯ ದಿನಗಳಲ್ಲಿ ಗೆಳತಿಯರೊಂದಿಗೆ ಹಳ್ಳಿಗಳಿಗೆ ಹೋಗಿ, ಹೆಂಗಸರನ್ನು ಕೂಡಿಸಿ, ಪಹಣಿ ಎಂದರೇನು, ಪಾಲು ಎಂದರೇನು, ಸಹಿ ಹಾಕುವ ಮುನ್ನ ಏನು ಕೇಳಬೇಕು ಎಂದು ಹೇಳಿಕೊಡುತ್ತಿದ್ದೆ. ಈಗಲೂ ಹೇಳಿಕೊಡುತ್ತೇನೆ. ಆ ನಂಬಿಕೆಯನ್ನು ನಾನು ಬಿಟ್ಟಿಲ್ಲ.

ಜಾವಗಲ್‌ನಲ್ಲಿ ನಡೆದ ಅಂಥದೊಂದು ಸಭೆಯಲ್ಲಿ, ಕೊನೆಯ ಸಾಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ, ನಮ್ಮ ಮನೆಯವರನ್ನು ಬಲ್ಲ ಒಬ್ಬ ಮುದುಕಿ ನನ್ನನ್ನು ನಿಲ್ಲಿಸಿ ಕೇಳಿದಳು:

"ಎಲ್ಲ ಸರಿ ಕಣವ್ವ, ನಿಮ್ಮನೇಲಿ ಹೆಂಗೆ? ನಿಮ್ಮತ್ತೆ ಹೆಸ್ರಲ್ಲಿ ಏನೈತೆ?"

ಹೆಂಗಸರು ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿದು ಒಬ್ಬಳು, "ನಮಗೆ ಹೇಳೋಕ್ ಬಸ್ ಹತ್ಕೊಂಡು ಬತ್ತಾರೆ, ಮನೇಲಿ ಹೇಳೋಕೆ ಎದ್ದು ನಿಲ್ಲಾಕಿಲ್ಲ" ಎಂದಳು. ಉತ್ತರವಿಲ್ಲದೆ ವೇದಿಕೆಯಿಂದ ಇಳಿದದ್ದು ಅದೇ ಮೊದಲು. ಬಸ್ಸಿನಲ್ಲಿ ಊರಿಗೆ ಹೋಗುತ್ತ, ಅತ್ತೆಯ ಮರಗಳನ್ನು ಅವರ ಹೆಸರಿಗೆ ಬರೆಸಿಯೇ ತೀರುತ್ತೇನೆಂದು ನಿಶ್ಚಯಿಸಿದೆ.

ಕಾಲವೂ ಅದಕ್ಕೆ ಒತ್ತಾಯಿಸುತ್ತಿತ್ತು. ಹಳೇಬೀಡು, ಬೇಲೂರುಗಳಿಗೆ ಪ್ರವಾಸಿಗರು ಹೆಚ್ಚಿದಂತೆಲ್ಲ ನಮ್ಮ ರಾಗಿ ಹೊಲಗಳನ್ನು ನೋಡುವ ಕಣ್ಣುಗಳು ಬದಲಾಗಿದ್ದವು. ಕಾರು ನಿಲ್ಲಿಸಿ ಇಳಿದವರು ಹೊಲದಲ್ಲಿ ಏನು ಬೆಳೆದಿದೆಯೆಂದು ಕೇಳುತ್ತಿರಲಿಲ್ಲ, ರಸ್ತೆಗೆ ಎಷ್ಟು ಮುಖವಿದೆಯೆಂದು ಕೇಳುತ್ತಿದ್ದರು. ಹೆಣ್ಣು ಕೇಳಿಕೊಂಡು ಬರುವವರೂ ಎಷ್ಟು ಮರ ಎಂಬುದನ್ನು ಬಿಟ್ಟು, ಜಮೀನು ರಸ್ತೆಗೆ ಹತ್ತಿರವೋ ದೂರವೋ ಎಂದು ವಿಚಾರಿಸುವಂತಾಯಿತು. ರೆಸಾರ್ಟು ಬರುತ್ತದೆ ಎಂದರು, ಲೇಔಟು ಎಂದರು. ಯಾವುದೂ ಬರಲಿಲ್ಲ, ಆದರೆ ಬರುತ್ತದೆ ಎಂಬ ಮಾತೊಂದೇ ಊರಿನ ಬದುಗಳನ್ನೆಲ್ಲ ಕದಲಿಸಿತು. ಪಾಲಾಗಿದ್ದರೂ ತೋಟವನ್ನು ಒಟ್ಟಿಗೇ ಮಾಡಿಕೊಂಡು ಅಪ್ಪ ಮತ್ತು ಚಿಕ್ಕಪ್ಪ ಅಷ್ಟು ವರ್ಷ ಜಂಟಿಯಾಗಿಯೇ ಬಿಟ್ಟಿದ್ದ ಪಹಣಿಯನ್ನು ಬೇರೆ ಮಾಡಿಸಲು, ಅಳತೆ ಮಾಡಿಸಿ ಇಬ್ಬರ ಭಾಗಕ್ಕೂ ಬೇರೆ ನಂಬರು ಕೊಡುವ ಪೋಡಿ ಮಾಡಿಸಲು ಅರ್ಜಿ ಹಾಕಿದರು. ಆ ರಸ್ತೆಯ ಸಾಲಿನಲ್ಲಿಯೇ ಅತ್ತೆಯ ಆರು ಮರಗಳಿದ್ದವು. ಆ ನೆಲ ಚಿಕ್ಕಪ್ಪನ ಹೆಸರಿಗೆ ಬರುವುದಿತ್ತು.

ಒಂದು ಭಾನುವಾರ ಅತ್ತೆಯ ಮನೆಗೆ ಹೋಗಿ ಕುಳಿತೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು.

"ಅತ್ತೆ, ಆ ಮರ ನಿನ್ನವು ಅಂತ ಎಲ್ಲಾದ್ರೂ ಬರ್ದಿಟ್ಟಿದಾರಾ?"

"ಬರ್ಯೋಕೆ ಅದೇನ್ ಕಂಟ್ರಾಕ್ಟಾ? ಊರಿಗೆಲ್ಲ ಗೊತ್ತೈತೆ."

"ಗೊತ್ತಿರೋರು ಸತ್ತ ಮೇಲೆ?"

"ಅಷ್ಟೊತ್ಗೆ ನಾನೂ ಸತ್ತಿರ್ತೀನಿ, ಬುಡು."

"ನಾಳೆ ಚಿಕ್ಕಪ್ಪ ರಸ್ತೆ ಕಡೇದು ಮಾರಿದ್ರೆ? ತಗೊಂಡೋನು ನಿನ್ನ ಮರ ಮೊದ್ಲು ಹತ್ತಿಸ್ತಾನಾ?"

ಅತ್ತೆಯ ಕೈ ನಿಂತಿತು. ಹಿಡಿದಿದ್ದ ಅವರೆಕಾಯಿಯನ್ನು ಕೆಳಗಿಟ್ಟು ಹೇಳಿದರು:

"ನೋಡು ಮಗಾ, ನಾನು ಬಾಯ್ಬಿಟ್ಟು ಕೇಳಿದೆ ಅಂದ್ರೆ, ಇಷ್ಟು ದಿನ ಅದು ನಂದಾಗಿರ್ಲಿಲ್ಲ ಅಂತ ನಾನೇ ಒಪ್ಕೊಂಡಂಗೆ ಆಯ್ತದೆ. ನಂದನ್ನ ನಾನ್ ಯಾಕ್ ಕೇಳ್ಲಿ?"

ಇಂದು ಯೋಚಿಸಿದರೆ, ಆ ವಿಷಯದ ಬಗ್ಗೆ ಯಾರೇ ಆಡಿದ ಮಾತುಗಳಲ್ಲಿ ಅತ್ಯಂತ ತಿಳಿವಳಿಕೆಯ ಮಾತು ಅದು. ಅಂದು ನನಗೆ ಕಂಡದ್ದು ಅದರಲ್ಲಿನ ಸಂದು. ಕೇಳುವುದು ಬೇರೆ, ದಾಖಲಿಸುವುದು ಬೇರೆ ಎಂದೆ. ಇರುವ ಹಕ್ಕನ್ನು ಬರೆಸುವುದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಗಟ್ಟಿಯಾಗುತ್ತದೆ ಎಂದೆ. ಮದುವೆಯಾದವರು ಮದುವೆಯನ್ನು ನೋಂದಾಯಿಸಿದರೆ ಅದುವರೆಗೆ ಮದುವೆಯೇ ಆಗಿರಲಿಲ್ಲ ಎಂದಾಗುತ್ತದೆಯೇ ಎಂದು ಕೇಳಿದೆ. ಅತ್ತೆ ಅವರೆಕಾಯಿ ಸಿಪ್ಪೆಗಳನ್ನು ಮೊರಕ್ಕೆ ಬಾಚಿದರು. "ನಿನ್ ಸಮಕ್ಕೆ ಮಾತಾಡೋಕೆ ನಂಗ್ ಬರಲ್ಲ ಕಣೇ" ಎಂದರು. ವಾದದಲ್ಲಿ ಸೋತವರು ಒಪ್ಪಿದವರು ಎಂದೇ ಆಗ ನಾನು ತಿಳಿದಿದ್ದೆ.

ಮೊದಲು ಅಪ್ಪನೊಡನೆ ಮಾತನಾಡಬೇಕಿತ್ತು. ಮಾತನಾಡಲಿಲ್ಲ. ಮನೆಯೊಳಗೆ ಕೇಳಿದರೆ ಅದು ಬೇಡಿಕೊಂಡಂತೆ, ಕಚೇರಿಯ ಮೂಲಕ ಕೇಳಿದರೆ ಅದು ಹಕ್ಕು ಎಂಬುದು ನನ್ನ ತತ್ವವಾಗಿತ್ತು. ಪೋಡಿಗೆ ತಕರಾರು ಸಲ್ಲಿಸಲು ಅವಧಿಯಿತ್ತು. ಅತ್ತೆಯ ಪರವಾಗಿ ಅರ್ಜಿಯನ್ನು ನಾನೇ ಬರೆದೆ. ಮೂರು ಸಲ ತಿದ್ದಿ ಬರೆದೆ. ಆದರೆ ತಕರಾರು ಎಂದ ಮೇಲೆ ಒಂದು ಕಾರಣ ಬೇಕಲ್ಲ. ಅದುವರೆಗೆ ಯಾರೂ ಅತ್ತೆಯ ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ. ಕಾರಣವಿಲ್ಲದ ಅರ್ಜಿಯನ್ನು ಯಾರು ಓದುತ್ತಾರೆ ಎಂದುಕೊಂಡು ಒಂದು ವಾಕ್ಯ ಸೇರಿಸಿದೆ: "ನನ್ನ ಸಹೋದರರು ಸದರಿ ಮರಗಳ ಫಸಲನ್ನು ಅಪಹರಿಸುವ ಸಂಭವವಿರುವುದರಿಂದ." ಅರ್ಜಿಗೆ ಬಲ ಬಂದಿತೆಂದು ಸಮಾಧಾನವಾಯಿತು. ಅತ್ತೆ ಕನ್ನಡಕ ಹಾಕಿಕೊಂಡರೂ ಓದಲಿಲ್ಲ, "ನೀನು ಬರ್ದಿದೀಯಲ್ಲ" ಎಂದು ರುಜು ಹಾಕಿದರು. ದುಂಡನೆಯ, ಮುದ್ದಾದ ರುಜು. ಓದದೆ ಸಹಿ ಹಾಕಬೇಡಿ ಎಂದು ಹಳ್ಳಿ ಹಳ್ಳಿಗೆ ಹೇಳಿಬಂದಿದ್ದ ನಾನು ಪೆನ್ನಿನ ಮುಚ್ಚಳ ಹಾಕಿ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡೆ.

ಅರ್ಜಿಯ ನಕಲು ನೋಟಿಸಿನ ಜೊತೆಗೆ ಮನೆಗೆ ಬಂದ ದಿನ ನಾನು ಊರಿನಲ್ಲಿಯೇ ಇದ್ದೆ. ಅಪ್ಪ ಅದನ್ನು ಜಗುಲಿಯ ಮೇಲೆ ಬೆಳಕಿಗೆ ಹಿಡಿದು ಓದಿದರು. ಎರಡನೆಯ ಸಲ ಓದುವಾಗ ಅವರ ಬೆರಳು ಒಂದು ಸಾಲಿನ ಕೆಳಗೆ ನಿಂತಿತು.

"ಅಪಹರಿಸುವ ಅಂದ್ರೆ ಕದಿಯೋದು ತಾನೆ?" ಎಂದು ನನ್ನನ್ನು ಕೇಳಿದರು.

"ಸಂಭವ ಅಂತ ಇದೆ ಅಪ್ಪ. ಕದ್ದಿದ್ದೀರಿ ಅಂತಲ್ಲ."

"ಸಂಭವ" ಎಂದರು. ಕಾಗದವನ್ನು ನಾಲ್ಕಾಗಿ ಮಡಿಸಿದರು. "ಮೂವತ್ತು ವರ್ಷದಿಂದ ಅವಳ ಕಾಯಿ ಬಿದ್ದ ಜಾಗದಲ್ಲಿ ನಾನು ಕಾಲಿಟ್ಟಿಲ್ಲ. ಈಗ ಸಂಭವ ಅಂತೆ."

ನಾನೇ ಬರೆದದ್ದು ಎಂದೆ. ಅವರಿಗೆ ಅದು ಗೊತ್ತಿತ್ತು. "ನೀನು ಓದಿರೋಳು. ಬರೆಯೋದು ನಿನ್ ಕೆಲಸ, ಬರ್ದೆ. ರುಜು ಹಾಕಿರೋದು ಅವಳು" ಎಂದು ಎದ್ದು ಒಳಗೆ ಹೋದರು. ನನ್ನ ಮೇಲೆ ಅವರು ಅಂದು ಸಿಟ್ಟಾಗಲಿಲ್ಲ, ಮುಂದೆಯೂ ಆಗಲಿಲ್ಲ. ಆ ರಿಯಾಯಿತಿಯಷ್ಟು ಕ್ರೂರವಾದದ್ದು ಬೇರೆ ಇರಲಿಲ್ಲ. ತಪ್ಪು ಮಾಡಿದವಳಿಗೆ ಊಟಕ್ಕೆ ಎಲೆ ಹಾಕಿ, ರುಜು ಹಾಕಿದವಳಿಗೆ ಬಾಗಿಲು ಮುಚ್ಚಿದರು.

ವಿಚಾರಣೆ ಅರಸೀಕೆರೆಯ ಕಚೇರಿಯಲ್ಲಿ ನಡೆಯಿತು. ಅತ್ತೆ ಕೊಬ್ಬರಿ ಮಾರುವ ದಿನದ ಆ ಪೆಟ್ಟಿಗೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಅಪ್ಪ ಮತ್ತು ಚಿಕ್ಕಪ್ಪ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದರು. ಅಧಿಕಾರಿ ವಯಸ್ಸಾದವರು, ಸೌಮ್ಯವಾಗಿ ಮಾತನಾಡುವವರು. ನಾನು ಮೊದಲೇ ಸಿದ್ಧಪಡಿಸಿಕೊಂಡಿದ್ದಂತೆ ಮಾತನಾಡಿದೆ, ಚೆನ್ನಾಗಿಯೇ ಮಾತನಾಡಿದೆ. ಅವರು ಪೂರ್ತಿ ಕೇಳಿ, ಅಪ್ಪನ ಕಡೆಗೆ ತಿರುಗಿದರು. ಅಪ್ಪ ಪ್ಲಾಸ್ಟಿಕ್ ಚೀಲದಿಂದ ಹಳೆಯ ಪಾಲುಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ನೋಂದಣಿಯಾದ ಪತ್ರ. ನಾನು ಅದನ್ನು ಅದುವರೆಗೆ ನೋಡಿರಲಿಲ್ಲ. ನೋಡಬೇಕೆಂದೂ ಅನ್ನಿಸಿರಲಿಲ್ಲ.

ಅಧಿಕಾರಿ ಕೊನೆಯ ಹಾಳೆಗೆ ಬಂದು ನಿಂತರು.

"ಅಮ್ಮಾ, ಇದು ನಿಮ್ಮ ರುಜುನಾ?"

ಅತ್ತೆ ಬಗ್ಗಿ ನೋಡಿದರು. ಅವರ ಮುಖದಲ್ಲಿ ಪರಿಚಿತರನ್ನು ಕಂಡ ಸಂತೋಷವಿತ್ತು.

"ನಂದೇ ಸ್ವಾಮಿ."

"ಓದಿ ಹಾಕಿದ್ರಾ?"

"ಓದೋಕೆ ಬತ್ತದೆ ಸ್ವಾಮಿ, ಏಳ್ನೇ ಕ್ಲಾಸು ಪಾಸಾಗಿದೀನಿ. ಅವತ್ತು ಸಾಕ್ಷಿಗೆ ಒಬ್ರು ಕಮ್ಮಿ ಬಿದ್ರು. ನಮ್ಮಪ್ಪ 'ಬಾರವ್ವ, ನಿನ್ನ ಅಕ್ಷರ ಚೆಂದ' ಅಂದ. ಹಾಕ್ದೆ."

ಅಧಿಕಾರಿ ರುಜುವಿನ ಮೇಲಿದ್ದ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಹೆಣ್ಣುಮಗಳಿಗೆ ಸಲ್ಲಬೇಕಾದದ್ದೆಲ್ಲ ಮದುವೆಯಲ್ಲಿಯೇ ಸಂದಿದೆ, ಸದರಿ ಸ್ವತ್ತಿನಲ್ಲಾಗಲಿ ಅದರ ಮರಗಿಡಗಳಲ್ಲಾಗಲಿ ಆಕೆಗೆ ಯಾವ ಹಕ್ಕೂ ಇರುವುದಿಲ್ಲ, ಇದಕ್ಕೆ ಆಕೆಯ ಸಮ್ಮತಿ ಇದೆ. ಹೆಣ್ಣುಮಕ್ಕಳಿಗೂ ಪಾಲು ಕೊಡುವಂತೆ ಕಾನೂನು ಬದಲಾಗುವ ಮೊದಲೇ ಮುಗಿದುಹೋಗಿದ್ದ ಪಾಲು. ತನ್ನದು ಏನೂ ಇಲ್ಲ ಎಂಬುದಕ್ಕೆ ತಾನೇ ಸಾಕ್ಷಿಯಾಗಿ ಅತ್ತೆ ದುಂಡಗೆ ರುಜು ಹಾಕಿದ್ದರು. ಮರಗಳನ್ನು ತಟ್ಟಿ ತಟ್ಟಿ ಕೊಟ್ಟದ್ದು ಅದರ ನಂತರ, ಬಾಯಲ್ಲಿ.

ಅಧಿಕಾರಿ ಅಪ್ಪನನ್ನು ಕೇಳಿದರು: "ನೋಡಿ ಯಜಮಾನ್ರೇ, ನಿಮ್ಮ ತಂದೆ ಆಮೇಲೆ ಬಾಯಿಮಾತಲ್ಲಿ ಕೊಟ್ಟಿದ್ದುಂಟಾ? ನೀವು ಹೌದು ಅಂದ್ರೆ, ಇಬ್ರೂ ಒಪ್ಪಿ ಒಂದು ಪತ್ರ ಮಾಡ್ಕೋಬಹುದು. ಇಲ್ಲಿಗೇ ಮುಗೀತದೆ."

ಆಗ ಎಲ್ಲವೂ ಅಪ್ಪನ ಒಂದು ಮಾತಿನಲ್ಲಿತ್ತು. ಅತ್ತೆ ಅಣ್ಣನ ಮುಖವನ್ನೇ ನೋಡುತ್ತಿದ್ದರು, ಭಯದಿಂದಲ್ಲ, ಗೊತ್ತಿರುವ ಉತ್ತರಕ್ಕೆ ಕಾಯುವವರ ಹಾಗೆ. ಅಪ್ಪ ನನ್ನ ಅರ್ಜಿಯ ಕಡೆಗೆ ಬೆರಳು ತೋರಿಸಿದರು.

"ಅದ್ರಲ್ಲಿ ನನ್ನ ಕಳ್ಳ ಅಂತ ಬರ್ದವ್ರೆ. ಕಳ್ಳನ ಬಾಯಿಮಾತು ಯಾಕೆ ಸ್ವಾಮಿ? ಕಾಗದ ಕೇಳವ್ಳೆ. ಕಾಗದ ಐತಲ್ಲ."

ತಕರಾರು ವಜಾ ಆಯಿತು. ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದೆಂದು ಅಧಿಕಾರಿ ಅತ್ತೆಗೆ ಹೇಳಿದರು. ಹಾಗೆ ಹೇಳುವಾಗ ಅವರು ನೋಡಿದ್ದು ನನ್ನನ್ನು. ಅಪ್ಪ ಸುಳ್ಳು ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ. ಚರ್ಚೆಯ ಲೆಕ್ಕದಲ್ಲಿ ಅದು ನಿರುತ್ತರವಾದ ವಾದ. ನಾನು ಕೊಟ್ಟ ಕತ್ತಿಯನ್ನೇ ಅವರು ತಿರುಗಿಸಿ ಹಿಡಿದಿದ್ದರು.

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ, ಚಿಕ್ಕಪ್ಪ ಮುಂದೆ ಕುಳಿತರು, ನಾನು ಮತ್ತು ಅತ್ತೆ ಹಿಂದೆ. ಅತ್ತೆ ಒಂದೇ ಒಂದು ಮಾತು ಕೇಳಿದರು. "ಅಣ್ಣ ಯಾಕಂಗಂದ?" ನಾನು ಮೇಲ್ಮನವಿಯ ಬಗ್ಗೆ ವಿವರಿಸತೊಡಗಿದೆ. ಅವರು ಕಿಟಕಿಯ ಕಡೆಗೆ ತಿರುಗಿಕೊಂಡರು.

ಮುಂದಿನ ಸಲ ಕಾಯಿ ಕೀಳುವ ದಿನ ಅತ್ತೆ ಎಂದಿನಂತೆ ಮಂಕರಿ ತಂದಿದ್ದರು. ಯಾಕೆ ಬಂದರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಕಚೇರಿಯಲ್ಲಿ ಆದದ್ದು ಕಚೇರಿಯದು, ತೋಟದಲ್ಲಿ ಇರುವುದು ತೋಟದ್ದು ಎಂದುಕೊಂಡಿದ್ದರೇನೋ. ಮರ ಹತ್ತುವವನು ಹಗ್ಗವನ್ನು ಕಾಲಿಗೆ ಸುತ್ತಿಕೊಳ್ಳುತ್ತ, "ಅಕ್ಕನ ಮರದಿಂದ ಶುರು ಮಾಡ್ಲಾ ಯಜಮಾನ್ರೇ?" ಎಂದು ಕೇಳಿದ.

"ಯಾವ ಅಕ್ಕ?" ಎಂದರು ಅಪ್ಪ.

ಅವನು ತಬ್ಬಿಬ್ಬಾಗಿ ಅತ್ತೆಯ ಕಡೆ ನೋಡಿದ. ಚಿಕ್ಕಪ್ಪ ನಕ್ಕರು. "ಏನ್ಲಾ ನೋಡ್ತೀಯ? ಕಚೇರಿಯಿಂದ ನಕಲು ತಂದಿದೀವಿ, ಓದಿ ಹೇಳ್ಲಾ? ಎಲ್ಲಾ ನಮ್ದೇ ಅಂತೆ. ಎಲ್ಲಿಂದಾರ ಹತ್ಲಾ."

ಅವನು ಅತ್ತೆಯ ಮೊದಲನೆಯ ಮರದ ಬುಡದಲ್ಲಿಯೇ ನಿಂತಿದ್ದ, ಅದನ್ನೇ ಹತ್ತಿದ. ಕಾಯಿಗಳು ಬಿದ್ದವು. ಆಳುಗಳು ಅವನ್ನು ಎಳೆದು ದೊಡ್ಡ ಗುಡ್ಡೆಗೆ ಹಾಕಿದರು. ಆರೂ ಮರಗಳು ಮುಗಿಯುವವರೆಗೆ ಅತ್ತೆ ಖಾಲಿ ಮಂಕರಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದರು. ನಾನು ಅಪ್ಪನ ಬಳಿ ಹೋಗಿ, ಇದು ಅಧರ್ಮ ಎಂದೆ. ಅವರು ನನ್ನತ್ತ ನೋಡಲಿಲ್ಲ. ಬುತ್ತಿ ತಂದಿದ್ದ ಅಮ್ಮನಿಗೆ ಹೇಳಿದರು:

"ಮನೆಗೆ ಬಂದ ಹೆಣ್ಮಕ್ಕಳನ್ನ ಬರಿಗೈಲಿ ಕಳಿಸ್ಬಾರ್ದು. ಎರಡು ಕಾಯಿ ಕೊಟ್ಟು ಕಳ್ಸು."

ಅಮ್ಮ ಯಾವತ್ತೂ ಅಪ್ಪನ ಮಾತಿಗೆ ಎದುರಾಡಿದವರಲ್ಲ. ಗುಡ್ಡೆಯಿಂದ ಎರಡು ಕಾಯಿಗಳನ್ನು ಆರಿಸಿ, ಎರಡು ವೀಳ್ಯದೆಲೆಯ ಮೇಲಿಟ್ಟು, "ತಗೊಳವ್ವ" ಎಂದು ಚಾಚಿದರು. ಮುತ್ತೈದೆಗಾದರೆ ಅರಿಶಿನ ಕುಂಕುಮವೂ ಜೊತೆಗಿರುತ್ತಿತ್ತು. ಹಾಗೆ ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಸೆರಗೊಡ್ಡಿ ತೆಗೆದುಕೊಂಡರು. "ಬತ್ತೀನಿ ಅತ್ಗೆ" ಎಂದು ತಮ್ಮ ಮರಗಳ ಸಾಲಿನಲ್ಲೇ ನಡೆದು ರಸ್ತೆಗೆ ಹತ್ತಿದರು.

ನಾನು ಸುಮ್ಮನಿರಲಿಲ್ಲ. ವಕೀಲರನ್ನು ಕಂಡೆ, ಊರಿನ ಹಿರಿಯರನ್ನು ಕಂಡೆ. ಮರ ತಟ್ಟಿ ಕೊಟ್ಟದ್ದು ಎಲ್ಲರಿಗೂ ನೆನಪಿತ್ತು, ಆದರೆ ಹೇಳಲು ಯಾರೂ ಮುಂದೆ ಬರಲಿಲ್ಲ. "ಅವಳು ಕಚೇರಿ ಮೆಟ್ಲು ಹತ್ತಿದ್ಮೇಲೆ ನಾವ್ಯಾರು?" ಎಂದರು ಒಬ್ಬರು. ಇನ್ನೊಬ್ಬರು, ತಮ್ಮ ತೋಟದಲ್ಲೂ ಒಬ್ಬ ತಂಗಿಯ ಮರಗಳಿರುವವರು, ನಗುತ್ತಲೇ ಹೇಳಿದರು: "ನಿಮ್ಮನೆ ಕತೆ ನೋಡಿ ನಮ್ ತಂಗ್ಯಮ್ಮನೂ ಬಾಯಿ ಮುಚ್ಕೊಂಡವ್ಳೆ. ನಿನ್ನಿಂದ ಉಪಕಾರ ಆಯ್ತು ಬುಡವ್ವ." ಅತ್ತೆ ಕೋರ್ಟಿನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಕೊಬ್ಬರಿ ಒಡೆಯುವ ಕೂಲಿಗೆ ಇನ್ನೂ ಎರಡು ಮನೆಗಳನ್ನು ಹೆಚ್ಚಿಗೆ ಹಿಡಿದರು. ಅಪ್ಪ ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು, ಅಪ್ಪ ಹಾದುಹೋಗುತ್ತಿದ್ದರು.

ಹೀಗೆ ಎಂಟು ತಿಂಗಳು ಕಳೆದು ಹಿರಿಯರ ಹಬ್ಬ ಹತ್ತಿರ ಬಂತು. ಮಹಾಲಯ ಅಮಾವಾಸ್ಯೆಯ ಆ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಅವರು ಉಡುತ್ತಿದ್ದ ಬಟ್ಟೆ, ಇಷ್ಟಪಡುತ್ತಿದ್ದ ತಿಂಡಿ ಎಲ್ಲವನ್ನೂ ಎಲೆಯ ಮೇಲಿಟ್ಟು, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ತಾತನಿಗೆ ಕಜ್ಜಾಯವನ್ನು ಪ್ರತಿ ವರ್ಷವೂ ಅತ್ತೆಯೇ ಮಾಡುತ್ತಿದ್ದರು. ಆ ವಾರದ ಭಾನುವಾರ ಅವರು ಅರಸೀಕೆರೆಯ ನನ್ನ ಬಾಡಿಗೆ ಕೋಣೆಗೆ ಬಂದರು. ಅದುವರೆಗೆ ಅವರು ಅಲ್ಲಿಗೆ ಬಂದವರಲ್ಲ. ನೀರು ಕುಡಿದು, ನನ್ನ ಪುಸ್ತಕಗಳನ್ನು ಒಮ್ಮೆ ನೋಡಿ, ಹೇಳಿದರು:

"ಒಂದು ಕಾಗದ ಬರ್ಕೊಡು ಮಗಾ. ತಮ್ಮ ಬಂದಿದ್ದ. ಹಬ್ಬಕ್ಕೆ ಮನೆಯೊಳಕ್ ಬರ್ಬೇಕು ಅಂದ್ರೆ, ಮರದ ಮೇಲೆ ನಂಗೇನೂ ಇಲ್ಲ ಅಂತ ಬರ್ಕೊಡ್ಬೇಕಂತೆ. ಅಣ್ಣ ಹೇಳಿದ್ನಂತೆ."

ನಾನು ಬರೆಯುವುದಿಲ್ಲ ಎಂದೆ. ಇದು ಬೆದರಿಕೆ, ಇದಕ್ಕೆ ಬಗ್ಗಬಾರದು, ಎಡೆಯನ್ನು ನಿನ್ನ ಮನೆಯಲ್ಲಿಯೇ ಇಡು, ತಾತ ಅಲ್ಲಿಗೂ ಬರುತ್ತಾರೆ ಎಂದೆ. ನನ್ನ ಮಾತು ಮುಗಿಯುವವರೆಗೂ ಅವರು ಕೇಳಿಸಿಕೊಂಡರು.

"ಹೆಣ್ಮಗಳು ಬೇರೆ ಎಡೆ ಇಕ್ಕಿದ್ರೆ ನಮ್ಮಪ್ಪ ಬರಾಕಿಲ್ಲ. ನೀನ್ ಬರೀದಿದ್ರೆ ಜಾವಗಲ್‌ನಲ್ಲಿ ಟೈಪ್ ಮಾಡೋನು ಬರೀತಾನೆ. ನಿನ್ನಷ್ಟು ನೀಟಾಗಿ ಬರ್ಯಾಕಿಲ್ಲ ಅಷ್ಟೆ."

ಕೊನೆಗೆ ಬರೆದೆ. "ನನ್ನ ತಂದೆಯವರು ಬಾಯಿಮಾತಿನಲ್ಲಿ ನನಗೆ ಕೊಟ್ಟಿದ್ದ ಆರು ತೆಂಗಿನ ಮರಗಳ ಮೇಲಿನ ಹಕ್ಕನ್ನು ಸ್ವ ಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ." ಈ ಸಲ ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಬೆರಳಿಟ್ಟು, ಒಂದೊಂದು ಪದವನ್ನೂ ಓದಿದರು.

"ಕೊಟ್ಟಿದ್ದ ಅನ್ನೋದು ತೆಗಿ."

"ಕೊಟ್ಟಿದ್ದು ನಿಜ ಅಲ್ವಾ ಅತ್ತೆ?"

"ನಿಜ ಅಂದ್ರೆ ಅಣ್ಣ ತಪ್ಪು ಮಾಡ್ದ ಅಂತಾಯ್ತದೆ. ಅಂಥಾ ಕಾಗದ ಅವ್ನು ತಗೊಳ್ಳಾಕಿಲ್ಲ. ಕೊಟ್ಟಿರ್ಲಿಲ್ಲ ಅಂತ ಬರಿ. ನಾನೇ ಆಸೆಗೆ ಬಿದ್ದು ಸುಳ್ಳು ಹೇಳ್ದೆ ಅಂತ ಬರಿ."

"ತಾತನ ಮೇಲೆ ಸುಳ್ಳು ಬರೀಲಾ?"

"ನಮ್ಮಪ್ಪಂಗೆ ಗೊತ್ತೈತಲ್ಲ. ಎಡೆ ಮುಂದೆ ಕೂತಾಗ ಹೇಳ್ಕೋತೀನಿ, ಇದೆಲ್ಲಾ ಸುಮ್ನೆ ಬರ್ದಿರೋದು ಅಂತ."

ಹೊಸ ಹಾಳೆ ತೆಗೆದುಕೊಂಡೆ.

ಹಬ್ಬದ ದಿನ ಅತ್ತೆ ಕಜ್ಜಾಯದ ಡಬ್ಬಿ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತರು. ಕಾಗದವನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ನಡುಮನೆಯಲ್ಲಿ ಎಡೆ ಸಿದ್ಧವಾಗಿತ್ತು. ತಾತನ ಪಂಚೆ, ಬೀಡಿ ಕಟ್ಟು, ಎರಡು ಬಗೆಯ ಪಲ್ಯ, ಹೋಳಿಗೆ. ಕಜ್ಜಾಯದ ಜಾಗ ಖಾಲಿ ಇತ್ತು. ಚಿಕ್ಕಪ್ಪ ಕಾಗದದ ಮೇಲೆ ಕಣ್ಣಾಡಿಸಿ, ಅಪ್ಪನಿಗೆ ಕೊಟ್ಟರು. ಅಪ್ಪ ಓದಿ ನನಗೆ ಚಾಚಿದರು.

"ನೀನೇ ಬರ್ದಿದ್ದಲ್ವಾ? ಓದವ್ವ, ಎಡೆ ಮುಂದೆ. ನಮ್ಮಪ್ಪನೂ ಕೇಳಿಸ್ಕೊಳ್ಲಿ."

ನಾನು ಅತ್ತೆಯ ಕಡೆ ನೋಡಿದೆ. ಅವರು ಇದನ್ನು ಎಣಿಸಿರಲಿಲ್ಲ. ಓದು ಎಂಬಂತೆ ನನ್ನ ಕಡೆ ತಲೆಯಾಡಿಸಿದರು. ಕಾಗದವನ್ನು ಹರಿದು ಹಾಕಬಹುದಿತ್ತು, ಹರಿದರೆ ಅತ್ತೆ ಹೊಸ್ತಿಲ ಹೊರಗೇ ಉಳಿಯುತ್ತಿದ್ದರು. ಎಡೆಯ ಮುಂದೆ ನಿಂತು ಓದಿದೆ. ತನ್ನ ತಂದೆ ತನಗೆ ಯಾವ ಮರವನ್ನೂ ಯಾವತ್ತೂ ಕೊಟ್ಟಿರಲಿಲ್ಲ, ಆಸೆಯಿಂದ ತಾನೇ ಸುಳ್ಳು ಹೇಳಿದ್ದು, ಇಷ್ಟು ವರ್ಷ ತಿಂದದ್ದು ಅಣ್ಣತಮ್ಮಂದಿರ ದಯೆ. ಪೂರ್ಣವಿರಾಮಗಳಲ್ಲಿ ನಿಲ್ಲುತ್ತ, ಕೊನೆಯ ಸಾಲಿನವರೆಗೆ ಓದಿದೆ.

ಅಪ್ಪ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅಮ್ಮ ಬಂದು ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು ಅವರನ್ನು ಒಳಗೆ ಕರೆದರು. ಅತ್ತೆ ಕಜ್ಜಾಯಗಳನ್ನು ತಾತನ ಎಲೆಯ ಮೇಲೆ ಒಂದೊಂದಾಗಿ ಇಟ್ಟು ಅಡ್ಡಬಿದ್ದರು. ಹೇಳಿಕೊಳ್ಳಬೇಕೆಂದಿದ್ದ ಮಾತನ್ನು ಹೇಳಿಕೊಂಡರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಂತೆವು, ಮತ್ತೆ ಒಳಗೆ ಬಂದೆವು, ಎಲೆ ಹಾಕಿದರು.

"ಕೂತ್ಕೊ, ಊಟ ಮಾಡು" ಎಂದರು ಅಪ್ಪ. ಎಂಟು ತಿಂಗಳಲ್ಲಿ ಅವರು ತಂಗಿಗೆ ಆಡಿದ ಮೊದಲ ಮಾತು ಅದು.

ಅತ್ತೆ ಕೂತರು.